ಎಂಟು ಅಕ್ಷರ

ಜುಲೈ ಮುಗಿಯಲು ಇನ್ನು ಮೂರೇ ದಿನ.
ಬೈತಖೋಲಿನಲ್ಲಿ ದೋಣಿಗಳ ಹೊಟ್ಟೆಗೆ ಬಣ್ಣ ಬಳಿದಾಗಿದೆ,
ಐಸಿನ ಲಾರಿಗಳು ಬರತೊಡಗಿವೆ.
ಗ್ರೀನ್ ಸ್ಟ್ರೀಟಿನ ನನ್ನ ಅಂಗಡಿಗೆ
ಕೊಡೆ ಮಡಚುತ್ತ ಬಂದರು ಬುಧವಂತ ತಾಂಡೇಲರು.
ಬೇಡವೆಂದರೂ ಚಪ್ಪಲಿ ಹೊರಗೇ ಬಿಟ್ಟರು.

ಎದೆಯ ಕಿಸೆಯಿಂದ ಪ್ಲಾಸ್ಟಿಕ್ ಪೊಟ್ಟಣ,
ಅದರೊಳಗೆ ಇನ್ನೊಂದು, ಅದರೊಳಗೆ
ಹಸಿರು ಕಿಲುಬು ಹಿಡಿದ ಪೆನ್‌ಡ್ರೈವ್.
"ಹೋದ ವರ್ಷ ನೀನೇ ಕೊಟ್ಟದ್ದು" ಅಂದರು,
ದೂರುವ ದನಿಯಲ್ಲಲ್ಲ,
ಗುರುತು ಹೇಳುವ ದನಿಯಲ್ಲಿ.

ನನಗೆ ನೆನಪಿತ್ತು.
ಅರವತ್ತನಾಲ್ಕು ಜಿಬಿ ಎಂದು ಮೈಮೇಲೆ ಬರೆದುಕೊಂಡು
ಒಳಗೆ ಎಂಟೇ ಇಟ್ಟುಕೊಂಡ ಜಾತಿ ಅದು.
ತುಂಬಿದ ಮೇಲೂ ಸಾಕು ಅನ್ನುವುದಿಲ್ಲ,
ಹಳೆಯದರ ಮೇಲೇ ಹೊಸದನ್ನು ಬರೆಯುತ್ತ ಹೋಗುತ್ತದೆ
ದೀಪ ಮಿಣುಕಿಸುತ್ತ.
ಹುಬ್ಬಳ್ಳಿಯಿಂದ ಡಬ್ಬಿಗಟ್ಟಲೆ ತಂದಿದ್ದೆ,
ಒಂದಕ್ಕೆ ಇನ್ನೂರು ಲಾಭ.

ಅವರು ಅದರಲ್ಲಿ ಇಟ್ಟದ್ದು ಕಲ್ಲುಗಳನ್ನು.
ದೇವಗಡದ ದೀಪದಿಂದ ಪಡುವಕ್ಕೆ ನೀರಿನಡಿಯ ಪಾದೆಗಳು,
ಮುಳುಗಿದ ಹಡಗೊಂದರ ಪಕ್ಕೆಲುಬು,
ಬಲೆ ಹಿಡಿದರೆ ಬಿಡದ ನೂರಾ ಹದಿನೇಳು ಜಾಗ.
ದೋಣಿಯ ಜಿಪಿಎಸ್ ಪೆಟ್ಟಿಗೆ ಕೆಟ್ಟು ಹೊಸದಕ್ಕೆ ಚುಚ್ಚಿದರೆ
ಕಲ್ಲುಗಳಿದ್ದಲ್ಲಿ ಯಾವುದೋ ಸಿನಿಮಾದ ಅರ್ಧ ಹಾಡು.
ನವೆಂಬರಿನಲ್ಲಿ ಬಲೆ ಹರಿಯಿತು.
ಇಪ್ಪತ್ತಾರು ಜನ, ಹನ್ನೊಂದು ದಿನ, ದಂಡೆಯಲ್ಲಿ ಸೂಜಿ ಹಿಡಿದು.
ಇದನ್ನೂ ಅವರು ಗಾಳಿಯ ವಿಷಯ ಹೇಳಿದ ಹಾಗೆ ಹೇಳಿದರು.

ಐದನ್ನು ಗಾಜಿನ ಮೇಲೆ ಇಟ್ಟೆ.
ಇದು ಸಪೂರ, ಕೈಜಾರಿದರೆ ಡೀಸೆಲ್ ನೀರಲ್ಲಿ ತಡಕಬೇಕು.
ಇದರ ಟೊಪ್ಪಿ ಮೂರನೇ ದಿನ ಕಳೆಯುತ್ತದೆ.
ಇದು ಜಾರುಬಾಯಿಯದು,
ಸಂದಿಗೆ ತಾರ್ಲೆಯ ಹುರುಪೆ ಹೊಕ್ಕರೆ ಮುಗಿಯಿತು.
ಇದು ನೀಲಿ ನಾಲಗೆಯದು, ಓಟ ಜೋರು.
"ಓಟ ಯಾಕೆ? ಕಲ್ಲು ಎಲ್ಲಿಗೆ ಓಡ್ತದೆ?"

ಹೌದಲ್ಲ. ಅಷ್ಟೂ ಕಲ್ಲು ಸೇರಿದರೆ
ಒಂದು ಫೋಟೋದಷ್ಟೂ ತೂಕವಿಲ್ಲ.
ಓಟ ಬೇಕಾದದ್ದು ಖಲಾಶಿ ಹುಡುಗರಿಗೆ,
ಬೆಳಗಿನ ನಾಲ್ಕಕ್ಕೆ ಹಗ್ಗ ಬಿಚ್ಚುವ ಮೊದಲು
ಹನ್ನೆರಡು ಸಿನಿಮಾ ತುಂಬಿಸಿಕೊಳ್ಳಲು.

ಆದರೂ ಅವರೆದುರೇ ಓಡಿಸಿದೆ.
ನೀಲಿ ನಾಲಗೆ ನೂರಿಪ್ಪತ್ತರಲ್ಲಿ ಹೊರಟು
ಅರ್ಧ ದಾರಿಗೆ ಒಂಬತ್ತಕ್ಕೆ ಇಳಿಯಿತು.
"ನಮ್ಮ ಅಳಿಯನ ಹಾಗೆ" ಅಂದರು.
ಐದನೆಯದು, ದಪ್ಪ ತಗಡಿನ ಒಡ್ಡು ಮೈಯದು,
ಎಂಬತ್ತರಲ್ಲಿ ಹೊರಟು ಎಪ್ಪತ್ತೈದಕ್ಕೆ ಬಂದು
ಅಲ್ಲೇ ಉಳಿಯಿತು ಕೊನೆತನಕ. ಬಿಸಿಯಾಯಿತು, ಅಷ್ಟೆ.
ಬಾಯಿತನಕ ತುಂಬಿಸಿದೆ, ಪೂರ್ತಿ ಓದಿಸಿದೆ.
ಅರ್ಧ ಗಂಟೆ. ಚಹ ತರಿಸಿದೆ, ಬಸಿಯಲ್ಲಿ ಕುಡಿದರು.
ಹೊರಗೆ ಬರೆದಿದ್ದಷ್ಟೂ ಒಳಗಿತ್ತು.

ಎತ್ತಿಕೊಂಡು, ಹಳೆಯ ನಾಣ್ಯ ನೋಡುವ ಹಾಗೆ
ದವಡೆ ಹಲ್ಲಿನಿಂದ ಕಚ್ಚಿದರು.
"ಎಷ್ಟು?"
"ದುಡ್ಡು ಬೇಡ."
"ಬೇಡ ಅಂದ್ರೆ?"
ಆಗ ಹೇಳಿದೆ. ಎಂಟು, ಅರವತ್ತನಾಲ್ಕು, ಹುಬ್ಬಳ್ಳಿ, ಇನ್ನೂರು.
ಗಾಜು ಒರೆಸುತ್ತ ಹೇಳಿದೆ, ಒರೆಸಿದ್ದನ್ನೇ ಒರೆಸುತ್ತ.
ಅವರು ಬಹಳ ಹೊತ್ತು ಖಾಲಿ ಬಸಿ ನೋಡಿದರು.

ಡಬ್ಬಿಯ ಮೇಲಿನ ಬೆಲೆ ಓದಿ
ಏಳುನೂರ ಐವತ್ತು ಇಟ್ಟರು, ಮೂರು ಒದ್ದೆ ನೋಟು.
ಆಮೇಲೆ ಸೊಂಟದಿಂದ ಒಂದು ಪುಸ್ತಕ,
ನೀರಿಗೆ ಬಿದ್ದು ಒಣಗಿ ಹಪ್ಪಳದಂತೆ ಉಬ್ಬಿದ್ದು, ಪೆನ್ಸಿಲಿನದು.
ಬೇರೆ ದೋಣಿಯವರನ್ನು ಎಂಟು ತಿಂಗಳು ಕೇಳಿ ಕೇಳಿ ಕೂಡಿಸಿದ್ದು.
"ಎಂಬತ್ತಮೂರು ಸಿಕ್ಕಿವೆ. ಬರೆ."

ಹೆಸರಿಗೆ ಎಂಟೇ ಇಂಗ್ಲಿಷ್ ಅಕ್ಷರ ಹಿಡಿಯುತ್ತದೆ ಆ ಪೆಟ್ಟಿಗೆ.
ಅಣ್ಣ ಲಂಗರು ಬಿಟ್ಟು ಬಂದ ಪಾದೆ,
ಎರಡು ತೆಂಗು ಒಂದಾಗಿ ಕಾಣುವ ಕಡೆಯ ಗುಂಡು,
ಎಲ್ಲವನ್ನೂ ಕತ್ತರಿಸಿ ಕತ್ತರಿಸಿ ಒತ್ತಿದೆ.
ಅವರು ಓದಿದರು, ನಾನು ತಿರುಗಿ ಓದಿದೆ, ಅವರು ಹೂಂ ಅಂದರು.

ಎಂಬತ್ತನಾಲ್ಕನೆಯದು ಹೊಸತು, ನವೆಂಬರಿನದು.
ಅದಕ್ಕೇನು ಹೆಸರು, ಕೇಳಿದೆ.
ಬಾಗಿಲ ಮೇಲಿನ ಬೋರ್ಡಿನತ್ತ ಗಲ್ಲ ಎತ್ತಿದರು.
ಮೃಣಾಲಿನಿ.
ಒಂಬತ್ತು ಅಕ್ಷರ.
ಕೊನೆಯದನ್ನು ಬಿಟ್ಟೆ.